ಇರ್ಮಾಳ ಇಪ್ಪತ್ತೆರಡು ಸಂಶಯಗಳು

ಎರ್ಲನೌ,
ಭಾನುವಾರ, 19 ಫೆಬ್ರವರಿ 1989

ಪ್ರೀತಿಯ ಲೀಸ್ಬೆತ್,

ನಿನ್ನ ಕಾರ್ಡು ಮಂಗಳವಾರ ಬಂತು. ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಒಂದೇ ಒಂದು ಸಾಲು: ತಂಡದ ಬಿರುದು ಹೋಯಿತಂತೆ, ನಿಜವೇ? ಅದರ ಮುಂದೆ ಮೂರು ಪ್ರಶ್ನೆ ಗುರುತು. ನಾಲ್ಕನೆಯದಕ್ಕೆ ಜಾಗ ಸಾಲಲಿಲ್ಲವೆಂದು ಕಾಣುತ್ತದೆ. ಸುದ್ದಿ ಅಷ್ಟು ದೂರ ಹೇಗೆ ಮುಟ್ಟಿತು ಎಂದು ನಾನು ಕೇಳುವುದಿಲ್ಲ. ಮಾರ್ಲೀಸಳ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ, ನಿನಗೂ ಗೊತ್ತು.

ಹೌದು ಕಣೇ, ಹೋಯಿತು. ಹನ್ನೊಂದು ವರ್ಷ ನಮ್ಮ ಗೋಡೆಯ ಮೇಲಿದ್ದ 'ಸಮಾಜವಾದಿ ದುಡಿಮೆಯ ತಂಡ' ಎಂಬ ಫಲಕವನ್ನು ಎಗೋನ್ ಏಣಿ ಹಾಕಿ ಇಳಿಸಿದ. ಹಿಂದಿನ ಗೋಡೆ ಅಚ್ಚ ಹಸಿರು. ಕಾಲುಚೀಲ ಕಾರ್ಖಾನೆಯ ನಮ್ಮ ವಿಭಾಗಕ್ಕೆ ಒಂದು ಕಾಲದಲ್ಲಿ ಹಸಿರು ಬಣ್ಣ ಬಳಿದಿದ್ದರು ಎಂಬುದೇ ಎಲ್ಲರಿಗೂ ಮರೆತುಹೋಗಿತ್ತು. ನಾವು ಹನ್ನೆರಡು ಹೆಂಗಸರು ಅದನ್ನು ನೋಡುತ್ತಾ ನಗುತ್ತಾ ನಿಂತೆವು. ಎಗೋನ್ ಮಾತ್ರ, ನಮ್ಮ ನಡುವಿನ ಒಬ್ಬನೇ ಗಂಡಸು, ಮೊಳೆ ಕಿತ್ತ ತೂತಿಗೆ ಏನು ತುಂಬುವುದೆಂದು ಗಂಭೀರವಾಗಿ ಯೋಚಿಸುತ್ತಿದ್ದ. ಈಗ ಅವನಿಗೆ ಮೂರು ವಾರ ನಿನ್ನ ಕಡೆಯ ಸಮುದ್ರದ ಗಾಳಿ ಕುಡಿಯಲು ರಜೆಯ ಚೀಟಿ ಸಿಕ್ಕಿದೆ. ಈ ಪತ್ರ ಅವನ ಕೋಟಿನ ಒಳಜೇಬಿನಲ್ಲೇ ಬರುತ್ತದೆ. ಹಾಗಾಗಿ ಈ ಲಕೋಟೆಯನ್ನು ಬೇರೆ ಯಾರೂ ಕೆಟಲಿನ ಹಬೆಗೆ ಹಿಡಿದು ಬಿಚ್ಚಿ ಓದುವುದಿಲ್ಲ, ನಾನೂ ಮನಸ್ಸು ಬಿಚ್ಚಿ ಬರೆಯಬಹುದು.

ಈ ಪಾಪದಲ್ಲಿ ಮೊದಲ ಪಾಲು ನಿನ್ನದು. ಎಪ್ಪತ್ತೇಳರಲ್ಲಿ ನೀನು ತಂಡದ ದಿನಚರಿಯನ್ನು ನನ್ನ ಮಡಿಲಿಗೆ ಹಾಕಿದೆಯಲ್ಲ, ಆವತ್ತಿನ ನಿನ್ನ ಮಾತು ನನಗೆ ಬಾಯಿಪಾಠ. ವರ್ಷಕ್ಕೆ ಎರಡು ಸೋವಿಯತ್ ಪುಸ್ತಕ ಎಲ್ಲರೂ ಕೂಡಿ ಓದಬೇಕು, ಚರ್ಚಿಸಬೇಕು, ಚರ್ಚೆಯನ್ನು ದಿನಚರಿಯಲ್ಲಿ ಬರೆಯಬೇಕು, ಇಲ್ಲವಾದರೆ ಬಿರುದಿಲ್ಲ ಎಂದು ನೀನು ಹೇಳಿದಾಗ ನಾನು ಹೆದರಿ, ಇಷ್ಟು ದಪ್ಪದ ಪುಸ್ತಕ ಯಾರು ಓದುತ್ತಾರೆ ಎಂದು ಕೇಳಿದೆ. ನೀನು ನಕ್ಕುಬಿಟ್ಟೆ.

"ಓದೋಕೆ ಹೋಗ್ಬೇಡ ಥೆಕ್ಲಾ. ರಟ್ಟಿನ ಹಿಂದೆ ಬರೆದಿರೋದು ಸಾಕು. ಒಬ್ರು ಹೊಗಳ್ಬೇಕು, ಒಬ್ರು ಅದನ್ನ ಕಾಲುಚೀಲಕ್ಕೆ ಗಂಟು ಹಾಕ್ಬೇಕು, ಇನ್ನೊಬ್ರಿಗೆ ಸಂಶಯ ಬರ್ಬೇಕು. ಕೊನೇ ಪ್ಯಾರಾದಲ್ಲಿ ಸಂಶಯ ಹೋಗ್ಬೇಕು. ಸಂಶಯ ಬರ್ಲೇ ಇಲ್ಲ ಅಂದ್ರೆ ಮೇಲಿನೋರು ನಂಬಲ್ಲ. ಬಂದದ್ದು ಉಳ್ಕೊಂಡ್ರೆ ಸುಮ್ನೆ ಬಿಡಲ್ಲ."

ಇದಕ್ಕಿಂತ ಒಳ್ಳೆಯ ಅಡುಗೆ ವಿಧಾನ ನಾನು ಬೇರೆ ಯಾರಿಂದಲೂ ಕಲಿತಿಲ್ಲ. ಹೊಗಳುವ ಕೆಲಸ ಮಾರ್ಲೀಸಳಿಗೆ ಕೊಟ್ಟೆ. ಅವಳು ಹೇಗೂ ಎಲ್ಲವನ್ನೂ ಹೊಗಳುತ್ತಾಳೆ, ಕಾರ್ಖಾನೆಯ ಕ್ಯಾಂಟೀನಿನ ಸಾರನ್ನು ಕೂಡ. ಕಾಲುಚೀಲಕ್ಕೆ ಗಂಟು ಹಾಕುವವನು ಎಗೋನ್. ಉತ್ತರ ಧ್ರುವದ ಹಡಗಿನ ಕಥೆ ಬಂದಾಗ ಅವನು, ಕ್ಯಾಪ್ಟನ್ನನ ತಾಳ್ಮೆಯನ್ನು ಕಂಡು ಹೆಣಿಗೆ ಸೂಜಿಗಳನ್ನು ಇನ್ನಷ್ಟು ಜೋಪಾನ ಮಾಡಲು ಸ್ಫೂರ್ತಿ ಬಂತು ಎಂದಿದ್ದ. ದಿನಚರಿಯಲ್ಲಿ, ಅಂದರೆ. ನಿಜದಲ್ಲಿ ಆ ಪುಸ್ತಕ ಅವನ ಅಲುಗಾಡುವ ಮೇಜಿನ ಕಾಲ ಕೆಳಗಿತ್ತು.

ಸಂಶಯ ಪಡುವುದಕ್ಕೆ ನಾನು ಇರ್ಮಾಳನ್ನು ಆರಿಸಿದೆ. ಕಿಟಕಿಯ ಪಕ್ಕದ ಕೊನೆಯ ಯಂತ್ರದಲ್ಲಿ ಕೂತು ಕಾಲುಚೀಲದ ಬೆರಳು ಮುಚ್ಚುವ ಇರ್ಮಾ ಬೆಳಗಿನಿಂದ ಸಂಜೆಯವರೆಗೆ ಆಡುವುದು ಹತ್ತು ಮಾತು. ಅದರಲ್ಲಿ ಅರ್ಧ ಎಣ್ಣೆ ಡಬ್ಬಿ ತರಲು ಎಗೋನನನ್ನು ಕರೆಯುವುದಕ್ಕೆ. ಅವಳು ದಿನಚರಿ ತೆರೆದು ನೋಡುವವಳಲ್ಲ. ಮೂವತ್ತು ವರ್ಷ ಸಣ್ಣ ಹೊಲಿಗೆ ನೋಡಿ ನೋಡಿ ಅವಳ ಎರಡು ಹುಬ್ಬಿನ ನಡುವೆ ಒಂದು ಗೆರೆ ಬಿದ್ದಿದೆ. ಯಾರು ನೋಡಿದರೂ, ಈ ಹೆಂಗಸಿಗೆ ಏನೋ ಸಂಶಯವಿದೆ ಎಂದೇ ತಿಳಿಯುತ್ತಾರೆ.

ಹೀಗೆ ಹನ್ನೊಂದು ವರ್ಷ, ಇಪ್ಪತ್ತೆರಡು ಪುಸ್ತಕ. ಹದಿನಾರು ಗಂಟೆ ಟ್ರ್ಯಾಕ್ಟರ್ ಓಡಿಸಿದ ಹೆಂಗಸಿಗೆ ಮನೆಗೆ ಬರುವಾಗ ಹಾಡು ಹೇಳುವ ಶಕ್ತಿ ಎಲ್ಲಿಂದ ಬಂತು ಎಂದು ಇರ್ಮಾ ಕೇಳಿದಳು. ಮಹಾ ವಿಜ್ಞಾನಿ ಪ್ರಯೋಗಶಾಲೆಯಲ್ಲೇ ಮೂರು ತಿಂಗಳು ಕಳೆದನಲ್ಲ, ಅವನ ಅಂಗಿ ಒಗೆದವರು ಯಾರು ಎಂದು ಕೇಳಿದಳು. ಈ ಕಾದಂಬರಿಯ ಕಾರ್ಖಾನೆಯಲ್ಲಿ ಒಬ್ಬರೂ ಬಿಡಿಭಾಗಕ್ಕೆ ಕಾಯುವುದಿಲ್ಲವಲ್ಲ, ಅದು ಯಾವ ದೇಶದ ಕಾರ್ಖಾನೆ ಎಂದು ಕೇಳಿದಳು. ಪ್ರತಿ ಸಲ ಕೊನೆಯ ಪ್ಯಾರಾದಲ್ಲಿ ಸಂಗಡಿಗರ ಮಾತು ಕೇಳಿ ಅವಳ ಸಂಶಯ ಬೆಳಗಿನ ಮಂಜಿನಂತೆ ಕರಗಿತು. ಪ್ರತಿ ಸಲ ಬಿರುದು ಬಂತು. ಇಡೀ ವಿಭಾಗದಲ್ಲಿ ಒಂದು ಪುಟ ಓದಿದವರಿಲ್ಲ, ನಾವೆಲ್ಲ ಸುಖವಾಗಿದ್ದೆವು.

ಕೆಟ್ಟದ್ದು ನವೆಂಬರಿನಲ್ಲಿ. ರಷ್ಯನ್ನರು ಈಚೆಗೆ ಬಾಯಿ ಬಿಚ್ಚಿ ಬರೆಯತೊಡಗಿದ್ದು ನಮ್ಮ ಮೇಲಿನವರಿಗೆ ಹಿಡಿಸದೆ, ಆ ಸೋವಿಯತ್ ಮಾಸಪತ್ರಿಕೆ ಇದ್ದಕ್ಕಿದ್ದಂತೆ ಅಂಚೆಯವರ ಪಟ್ಟಿಯಿಂದ ಮಾಯವಾಯಿತಲ್ಲ, ನಿಮ್ಮಲ್ಲೂ ಗೊಂದಲವಾಗಿರಬೇಕು. ಮೂವತ್ತು ವರ್ಷ ರಷ್ಯನ್ನರನ್ನು ಓದಿ, ಓದಿ ಎಂದು ಬೆನ್ನು ಹತ್ತಿದವರು ಒಂದು ಬೆಳಿಗ್ಗೆ ಎದ್ದು, ಇದನ್ನು ಓದಬೇಡಿ ಎಂದುಬಿಟ್ಟರು. ಅಲ್ಲಿಗೆ ಮುಗಿಯಿತು. ಮಗುವಿಗೆ ಉಣ್ಣು ಎಂದರೆ ಬೇಡ, ಮುಟ್ಟಬೇಡ ಎಂದರೆ ಬೇಕು. ಮಾರುಕಟ್ಟೆ ಚೌಕದ ಪುಸ್ತಕದಂಗಡಿಯ ಕಿಟಕಿಯಲ್ಲಿ ನೊಣಗಳ ಜೊತೆ ಬಿಸಿಲು ಕಾಯುತ್ತಿದ್ದ ರಷ್ಯನ್ ಕಾದಂಬರಿಗಳು ಒಂದೇ ವಾರದಲ್ಲಿ ಕೌಂಟರಿನ ಕೆಳಗೆ ಹೋದವು. ಕೌಂಟರಿನ ಕೆಳಗೆ ಹೋದ ಮೇಲೆ ಬೆಲೆ ಬರಲೇಬೇಕಲ್ಲ.

ನನ್ನ ಯಜಮಾನರು ರೋಲ್ಫ್ ಒಂದು ಶನಿವಾರ ಬ್ರೆಡ್ಡು ತರಲು ಹೋದವರು ಪುಸ್ತಕದಂಗಡಿಯ ಮುಂದೆ ಕ್ಯೂ ಕಂಡರು. ಕ್ಯೂ ಕಂಡರೆ ಮೊದಲು ನಿಂತುಕೋ, ಏನು ಸಿಗುತ್ತದೆಂದು ಆಮೇಲೆ ಕೇಳು ಎಂಬುದು ನಮ್ಮ ಮನೆಯ ಕಾನೂನು, ನಿಮ್ಮದೂ ಅದೇ. ಕಿತ್ತಳೆ ಹಣ್ಣೋ, ಕಡೇ ಪಕ್ಷ ಬಚ್ಚಲಿಗೆ ಟೈಲ್ಸೋ ಎಂದು ಮುಕ್ಕಾಲು ಗಂಟೆ ನಿಂತು, ರಷ್ಯನ್ ಕಾದಂಬರಿ ಹಿಡಿದುಕೊಂಡು ಮನೆಗೆ ಬಂದರು. ಶಾಲೆಯಲ್ಲಿ ನಾಲ್ಕು ವರ್ಷ ರಷ್ಯನ್ ಕಲಿತು ಎರಡು ಪದ ಮಾತ್ರ ಉಳಿಸಿಕೊಂಡ ಮನುಷ್ಯ ಅವರು. ಪುಸ್ತಕವನ್ನು ಸತ್ತ ಮೀನಿನಂತೆ ಮೇಜಿನ ಮೇಲಿಟ್ಟರು.

"ಜನ ಜಗಳ ಆಡ್ಕೊಂಡು ತಗೋತಿದಾರೆ ಕಣೆ. ದೇಶಕ್ಕೆ ಏನೋ ಆಗಿದೆ."

ನಾನು ಪುಸ್ತಕದ ಹೆಸರು ನೋಡಿದೆ. 'ಬಿಸಿನೀರು'. ಬರೆದವನು ಪ್ರೋಖೊರ್ ಲುಜಾನಿನ್. ನಮ್ಮ ತಂಡಕ್ಕೆ ಈ ಚಳಿಗಾಲದ ಪುಸ್ತಕ ಅದೇ. ಹೋದ ವರ್ಷದ ಜನವರಿಯಲ್ಲೇ ಯಾರೋ ಪಟ್ಟಿಯಲ್ಲಿ ಸೇರಿಸಿದ್ದರು, ಮೂರು ಕಚೇರಿಯ ಮುದ್ರೆ ಬಿದ್ದಿತ್ತು, ಆ ಮೂರು ಕಚೇರಿಯಲ್ಲಿ ಒಬ್ಬರೂ ಅದನ್ನು ಓದಿರಲಿಲ್ಲ. ಈಗ ತೆಗೆಯೋಣವೆಂದರೆ ಯೋಜನೆಯೆಂದ ಮೇಲೆ ಯೋಜನೆ. ಅದೂ ಸೋವಿಯತ್ ಪುಸ್ತಕ, ನಮ್ಮದೇ ಸರ್ಕಾರ ಅನುವಾದ ಮಾಡಿಸಿ ಪ್ರಕಟಿಸಿದ್ದು. ಅವರ ಪಾಲಿಗೆ ಅದು ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಇನ್ನು ಕ್ರೆಚ್ಮಾರ್. ನಿನಗೆ ಗೊತ್ತಿಲ್ಲದವನು. ಸೆಪ್ಟೆಂಬರಿನಲ್ಲಿ ಬಂದ ಹೊಸ ಸಾಂಸ್ಕೃತಿಕ ಕಾರ್ಯದರ್ಶಿ, ಮೂವತ್ತಮೂರು ವರ್ಷ, ದಪ್ಪ ಕನ್ನಡಕ, ಲೈಪ್ಜಿಗ್‌ನಲ್ಲಿ ಸಾಹಿತ್ಯ ಓದಿದವನು. ಬರುವ ಅಕ್ಟೋಬರಿಗೆ ನಮ್ಮ ಪೂರ್ವ ಜರ್ಮನಿಯ ಗಣರಾಜ್ಯಕ್ಕೆ ನಲವತ್ತು ತುಂಬುತ್ತದಲ್ಲ, ಜಿಲ್ಲೆಯಲ್ಲಿ ದೊಡ್ಡ ಪ್ರದರ್ಶನವಂತೆ, ಅದಕ್ಕೆ ನಮ್ಮ ದಿನಚರಿ ಬೇಕಂತೆ. ಕೊಟ್ಟೆ. ಹಿಂದಿನವರೆಲ್ಲ ದಪ್ಪ ನೋಡಿ, ಫೋಟೋ ನೋಡಿ, ಸಹಿ ಹಾಕಿ ಹಿಂದಕ್ಕೆ ಕೊಡುತ್ತಿದ್ದರು. ಈ ಮಹಾನುಭಾವ ಹನ್ನೊಂದು ವರ್ಷದ ದಿನಚರಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ನನ್ನ ಜೀವನದಲ್ಲಿ ಸಿಕ್ಕ ಮೊದಲ ಓದುಗ, ಲೀಸ್ಬೆತ್. ಡಿಸೆಂಬರಿನಲ್ಲಿ ನನ್ನನ್ನು ಕರೆಸಿ ಕೂರಿಸಿ, ನಿಮ್ಮ ಬರವಣಿಗೆಯಲ್ಲಿ ಜೀವವಿದೆ, ಇರ್ಮಾ ಅವರ ದನಿ ನನ್ನ ಕಿವಿಗೇ ಕೇಳಿಸಿತು ಎಂದ. ನನಗೆ ಕೋಡು ಬಂದಂತಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ಇನ್ನೊಂದು ಮಾತು ಸೇರಿಸಿದ.

"ಆದ್ರೆ ಥೆಕ್ಲಾ ಅವ್ರೇ, ಸಂಶಯ ಹುಟ್ಟೋದು ಎಷ್ಟು ಚೆನ್ನಾಗಿದೆ ಅಂದ್ರೆ, ಅದು ಹೋಯ್ತು ಅಂತ ನಂಬೋಕಾಗಲ್ಲ."

ಅದೇ ಹೊತ್ತಿಗೆ ಅವನ ಮೇಜಿನ ಮೇಲೆ ಇನ್ನೊಂದು ಕಾಗದವಿತ್ತು, ಇರ್ಮಾಳ ಅರ್ಜಿ. ಗಡಿಯಾಚೆ, ಪಶ್ಚಿಮದ ಕಾಸೆಲ್‌ನಲ್ಲಿರುವ ಅವಳ ಅಕ್ಕ ಲೋರೆ ನಿನಗೆ ನೆನಪಿರಬಹುದು, ಎಪ್ಪತ್ತೈದರಲ್ಲಿ ತಾಯಿಯ ಮಣ್ಣಿಗೆ ಬಂದಿದ್ದಳು. ಅದೇ ಕೊನೆ. ಆಮೇಲೆ ಸೊಂಟ ಬಿದ್ದುಹೋಗಿ, ಈಗ ಗಾಲಿಕುರ್ಚಿಯಿಂದ ಏಳುವ ಹಾಗಿಲ್ಲ. ಅವಳು ಬರುವಂತಿಲ್ಲ, ಇವಳು ಹೋಗಬೇಕು. ಮಾರ್ಚ್ ನಾಲ್ಕಕ್ಕೆ ಅಕ್ಕನಿಗೆ ಅರವತ್ತು. ಅದೊಂದೇ ನೆಪದಲ್ಲಿ ಎಂಟು ದಿನದ ಅನುಮತಿ ಕೇಳಬಹುದು. ಗಂಡ ಹೋದ ಮೇಲೆ ಇರ್ಮಾಳಿಗೆ ಭೂಮಿಯ ಮೇಲೆ ರಕ್ತಸಂಬಂಧ ಅಂತ ಉಳಿದವಳು ಅವಳೊಬ್ಬಳೇ. ಅಕ್ಕನ ಮನೆಯ ಕಿಟಕಿಯಿಂದ ಏನು ಕಾಣುತ್ತದೆ ಎಂದು ಕೂಡ ತನಗೆ ಗೊತ್ತಿಲ್ಲ ಎಂದು ಇರ್ಮಾ ಒಮ್ಮೆ ನನಗೆ ಹೇಳಿದ್ದಳು. ಆ ದಿನದ ಹತ್ತೂ ಮಾತು ಅದಕ್ಕೇ ಖರ್ಚಾಗಿತ್ತು.

ಅನುಮತಿಗೆ ಕೆಲಸದ ಕಡೆಯಿಂದ ನಡತೆಯ ಪತ್ರ ಹೋಗಬೇಕು. ಕ್ರೆಚ್ಮಾರ್ ಪ್ರಾಮಾಣಿಕ ಮನುಷ್ಯ. ತಾನು ಓದಿದ್ದನ್ನು ಬರೆದ. ಸೋವಿಯತ್ ಸಾಹಿತ್ಯದ ಬಗ್ಗೆ ಹನ್ನೊಂದು ವರ್ಷದಿಂದ ಬಿಡದೆ ಸಂಶಯ, ಮನಸ್ಸಿನ ನಿಲುವು ಗಟ್ಟಿಯಿಲ್ಲ, ಹೊರಗೆ ಕಳಿಸುವುದು ಸದ್ಯಕ್ಕೆ ಬೇಡ. ಜನವರಿ ಒಂಬತ್ತಕ್ಕೆ ಇರ್ಮಾಳಿಗೆ ಇಲ್ಲ ಎಂಬ ಉತ್ತರ ಬಂತು. ಊಟದ ಹೊತ್ತಿಗೆ ಅವಳು ಆ ಕಾಗದವನ್ನು ನಾಲ್ಕಾಗಿ ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಯಂತ್ರಕ್ಕೆ ವಾಪಸಾದಳು. ಯಾಕೆ ಎಂದು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಅವಳು ಒಂದು ದಿನವೂ ಆಡದ ಮಾತು ಅವಳ ದಾರಿಗೆ ಅಡ್ಡ ಬಿತ್ತು, ಬರೆದವಳು ನಾನು.

ಆ ಸಂಜೆಯೇ ದಿನಚರಿಯ ಹಳೇ ಪ್ರತಿಗಳನ್ನು ಚೀಲದಲ್ಲಿ ತುಂಬಿಕೊಂಡು ಅವಳ ಮನೆಗೆ ಹೋದೆ. ಎಲ್ಲ ಹೇಳಿದೆ. ಅವಳು ಕಾಫಿ ಕೊಟ್ಟಳು, ಚೀಲ ಇಟ್ಟುಕೊಂಡಳು. ಆ ವಾರದ ಕೊನೆಯೆಲ್ಲ ಕೂತು ಓದಿದಳಂತೆ. ಸೋಮವಾರ ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನನ್ನ ಪಕ್ಕ ನಿಂತು ಅವಳು ಹೇಳಿದ್ದು ಇಷ್ಟು.

"ನಾನು ಇಷ್ಟು ಬುದ್ಧಿವಂತೆ ಅಂತ ನಮ್ಮ ಯಜಮಾನ್ರಿಗೆ ಸಾಯೋವರೆಗೂ ಗೊತ್ತಾಗ್ಲಿಲ್ಲ ನೋಡು. ಪುಸ್ತಕ ಎಲ್ಲಿ?"

'ಬಿಸಿನೀರು' ಕೊಟ್ಟೆ. ಮೇಲ್ಮನವಿ ಹಾಕು ಎಂದೂ ಹೇಳಿದೆ; ಹೊಸ ವರ್ಷದಿಂದ ಹಾಗೆ ಹಾಕಬಹುದು. ಹಾಕಿದಳು. ಆದರೆ ಮೇಲ್ಮನವಿಗೆ ಕಾರ್ಖಾನೆಯಿಂದ ಮತ್ತೊಂದು ನಡತೆಯ ಪತ್ರ ಬೇಕು, ಅದನ್ನು ಬರೆಯುವವನು ಅದೇ ಕ್ರೆಚ್ಮಾರ್, ಈ ಚಳಿಗಾಲದ ಚರ್ಚೆಗೆ ತಾನೇ ಬಂದು ಕೂರುತ್ತೇನೆ ಎಂದು ಅವನು ಫೆಬ್ರವರಿ ಎರಡನ್ನು ಗೊತ್ತು ಮಾಡಿಬಿಟ್ಟಿದ್ದ. ಇಪ್ಪತ್ತೆರಡು ಸಲ ಸಂಶಯ ಪಟ್ಟವಳು ಇಪ್ಪತ್ತಮೂರನೇ ಸಲ ಏನು ಹೇಳುತ್ತಾಳೆ ಎಂದು ಕೇಳುವ ಆಸೆ ಅವನಿಗೆ. ಈ ಸಲ ಚರ್ಚೆ ನಿಜವಾಗಿ ನಡೆಯಬೇಕು. ಅಂದರೆ ಪುಸ್ತಕ ನಿಜವಾಗಿ ಓದಬೇಕು.

ಬೆಳಗಿನ ತಿಂಡಿಯ ಬಿಡುವಿನಲ್ಲಿ ಯಂತ್ರ ನಿಲ್ಲಿಸಿ ಇರ್ಮಾ ಗಟ್ಟಿಯಾಗಿ ಓದತೊಡಗಿದಳು. ಹತ್ತು ಮಾತಿನ ಇರ್ಮಾ. ಮೊದಲ ದಿನ ಅವಳು, ಮಾರ್ಲೀಸ್, ನಾನು. ಮೂರನೇ ದಿನಕ್ಕೆ ಪಕ್ಕದ ಬಣ್ಣದ ವಿಭಾಗದವರೂ ಬ್ರೆಡ್ಡು ಕಟ್ಟಿಕೊಂಡು ಬಂದು ಪೆಟ್ಟಿಗೆಗಳ ಮೇಲೆ ಕೂತರು. ಕಥೆ ಏನು ಗೊತ್ತಾ? ವೋಲ್ಗಾ ಕಡೆಯ ಒಂದು ಹಳ್ಳಿ. ಅಧ್ಯಕ್ಷ ಊರಿಗೊಂದು ಸ್ನಾನದ ಮನೆ ಕಟ್ಟಿಸುತ್ತಾನೆ, ಬಾಯ್ಲರ್ ಬರುವುದಿಲ್ಲ. ಆದರೆ ಉದ್ಘಾಟನೆಗೆ ದೊಡ್ಡವರು ಬಂದೇ ಬರುತ್ತಾರೆ. ಹಿಂಬದಿಯಲ್ಲಿ ಒದ್ದೆ ಹುಲ್ಲು ಸುಟ್ಟು ಹಬೆ ತೋರಿಸುತ್ತಾರೆ, ಊರವರ ತಲೆಗೆ ಬಾವಿ ನೀರು ಸುರಿದು, ಟವೆಲು ಸುತ್ತಿ, ಈಗಷ್ಟೇ ಮಿಂದವರಂತೆ ಚಳಿಯಲ್ಲಿ ನಗುತ್ತಾ ನಿಲ್ಲಿಸುತ್ತಾರೆ. ವರ್ಷ ಕಳೆದಂತೆ ಬರುವವರು ಇನ್ನೂ ದೊಡ್ಡವರು. ಹೀಗೆ ನಾಲ್ಕು ಸಲ ಉದ್ಘಾಟನೆ. ಪ್ರತಿ ಸಲ ಅಗ್ರಿಪ್ಪೀನಾ ಎಂಬ ಅಜ್ಜಿಗೆ ನೆಗಡಿ. ನಾಲ್ಕನೇ ಸಲ ಬಂದ ಮಂತ್ರಿಯ ಕೈ ಹಿಡಿದು ಅಜ್ಜಿ, ಬಾರಪ್ಪ ಒಳಗೆ, ಬೆನ್ನು ಉಜ್ಜುತ್ತೇನೆ ಎನ್ನುತ್ತಾಳೆ. ಅಲ್ಲಿಗೆ ಬಂದಾಗ ಇರ್ಮಾಳಿಗೇ ಓದಲಾಗಲಿಲ್ಲ. ಮಾರ್ಲೀಸ್ ನಕ್ಕು ನಕ್ಕು ಕಾಫಿಯನ್ನು ನಲವತ್ತು ಜೊತೆ ತಿಳಿ ಬಣ್ಣದ ಕಾಲುಚೀಲಗಳ ಮೇಲೆ ಚೆಲ್ಲಿದಳು, ಅವು ಈಗ ಗಾಢ ಬಣ್ಣದವು ಎಂದು ಅಂಗಡಿಗೆ ಹೋಗಿವೆ.

ನಗು ನಿಂತ ಮೇಲೆ ಎಲ್ಲರೂ ಪ್ಯಾಕಿಂಗ್ ವಿಭಾಗದ ಹಿಂದಿನ ಗೋಡೆಯತ್ತ ನೋಡಿದೆವು. ನೀನು ಹೋದ ಮೇಲಿನ ಸುದ್ದಿ ಇದು: ನಮಗೆ ಹೊಸ ಷವರ್ ಕೋಣೆ ಆಗಿದೆ. ಎಂಬತ್ತಾರರಲ್ಲಿ ಒಮ್ಮೆ, ಎಂಬತ್ತೇಳರಲ್ಲಿ ಒಮ್ಮೆ, ಹೋದ ವರ್ಷ ಮಹಿಳಾ ದಿನಕ್ಕೆ ಒಮ್ಮೆ ಅದಕ್ಕೆ ಟೇಪು ಕತ್ತರಿಸಿದ್ದಾರೆ. ಮೂರನೇ ಸಲ ನಿರ್ದೇಶಕರು ಹೆಗಲ ಮೇಲೆ ಟವೆಲು ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಫೋಟೋ ಪತ್ರಿಕೆಯಲ್ಲಿ ಬಂತು, ನೀರು ಇನ್ನೂ ಬಂದಿಲ್ಲ. ಮೂವತ್ತು ವರ್ಷ ಆ ಪುಸ್ತಕಗಳು ರಷ್ಯದ ಬಗ್ಗೆ ಎಂದುಕೊಂಡಿದ್ದೆವಲ್ಲ, ಇದೊಂದು ನೇರ ನಮ್ಮ ವಿಭಾಗದ ಬಾಗಿಲು ತಟ್ಟಿ ಒಳಗೆ ಬಂತು.

ಫೆಬ್ರವರಿ ಎರಡು, ಗುರುವಾರ, ಪಾಳಿ ಮುಗಿದ ಮೇಲೆ ಸಾಂಸ್ಕೃತಿಕ ಕೋಣೆಯಲ್ಲಿ ಸೇರಿದೆವು. ಮಾರ್ಲೀಸ್ ಮೂರು ಪದರದ ಮೊಟ್ಟೆ ಕೇಕು ಮಾಡಿ ತಂದಿದ್ದಳು. ಕ್ರೆಚ್ಮಾರ್ ನೋಟ್‌ಬುಕ್ ತೆರೆದು, ವಾಡಿಕೆಯಂತೆ ಇರ್ಮಾ ಅವರ ಸಂಶಯದಿಂದಲೇ ಶುರು ಮಾಡೋಣ ಎಂದ, ಮರ್ಯಾದೆಯಿಂದಲೇ. ಇರ್ಮಾ ಎದ್ದು ನಿಂತಳು. ಹುಬ್ಬಿನ ನಡುವೆ ಅದೇ ಗೆರೆ.

"ನಂಗೇನೂ ಸಂಶಯ ಇಲ್ಲ," ಎಂದಳು, ಕೂತಳು.

ಏನೂ ಇಲ್ಲವೇ ಎಂದು ಅವನು ಕೇಳಿದ. ಅವಳು ಮತ್ತೆ ಎದ್ದಳು.

"ಒಂದಕ್ಷರದ ಮೇಲೂ ಇಲ್ಲ. ಎಲ್ಲಾ ನಿಜ. ಆ ಸ್ನಾನದ ಮನೆ ನಾನು ನೋಡಿದೀನಿ. ಪ್ಯಾಕಿಂಗ್ ಹಿಂದೆ ಇದೆ."

ಕ್ರೆಚ್ಮಾರ್ ಪುಟ ತಿರುಗಿಸಿದ, ಮತ್ತೆ ಹಿಂದಕ್ಕೆ ತಿರುಗಿಸಿದ. ಲೇಖಕ ಸ್ವಲ್ಪ ಉತ್ಪ್ರೇಕ್ಷೆ ಮಾಡಿರಬಹುದು, ಅಲ್ಲಿನ ಪರಿಸ್ಥಿತಿ ಬೇರೆ, ಇಲ್ಲಿನದು ಬೇರೆ, ಪುಸ್ತಕದಲ್ಲಿ ಬಂದದ್ದನ್ನೆಲ್ಲ ಹಾಗೇ ಒಪ್ಪಿಕೊಳ್ಳಬೇಕೆಂದಿಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಇರ್ಮಾ ಕೂರದೆ ಅವನತ್ತ ತಿರುಗಿದಳು.

"ಸೋವಿಯತ್ ಪುಸ್ತಕದ ಮೇಲೆ ನಿಮ್ಗೆ ಸಂಶಯವಾ, ಕಾಮ್ರೇಡ್?"

ಅವನ ಕಿವಿ ಕೆಂಪಾಯಿತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ನಮಗೆ ನಿಜವಾಗಿ ಸಂಶಯ ಪಡುವವನೊಬ್ಬ ಸಿಕ್ಕಿದ್ದ, ನಾವು ಬಿಡುತ್ತೇವೆಯೇ? ಎಗೋನ್ ಪೈಪುಗಳ ಕಥೆ ಹೇಳಿದ. ಮಾರ್ಲೀಸ್ ನಿರ್ದೇಶಕರ ಟವೆಲಿನ ಕಥೆ ಹೇಳಿದಳು, ಆ ಟವೆಲು ಅವಳದೇ ಆಗಿತ್ತು, ಇನ್ನೂ ವಾಪಸ್ ಬಂದಿಲ್ಲ. ಸಂಗಡಿಗರೆಲ್ಲ ಕೂಡಿ ತಾಳ್ಮೆಯಿಂದ, ಅರ್ಧ ಗಂಟೆ, ಅವನ ಮನಸ್ಸು ತಿಳಿ ಮಾಡಿದೆವು. ಕೊನೆಗೆ ಅವನೇ ಎದ್ದು, ಷವರ್ ಕೋಣೆ ತೋರಿಸಿ ಎಂದ. ಎಲ್ಲರೂ ಮೆರವಣಿಗೆ ಹೋದೆವು. ಹೊಳೆಯುವ ನಲ್ಲಿಯನ್ನು ತಿರುಗಿಸಿದ. ಪೈಪು ಮುದುಕನಂತೆ ಒಮ್ಮೆ ಕೆಮ್ಮಿತು. ಕ್ರೆಚ್ಮಾರ್ ನಲ್ಲಿಯ ಕೆಳಗೆ ಕೈ ಹಿಡಿದುಕೊಂಡೇ ನಿಂತಿದ್ದ, ಆಮೇಲೆ ನಕ್ಕುಬಿಟ್ಟ, ಕನ್ನಡಕ ಜಾರಿ ಬೀಳುವಷ್ಟು.

ಆ ಚರ್ಚೆಯನ್ನು ದಿನಚರಿಯಲ್ಲಿ ಹೇಗೆ ನಡೆಯಿತೋ ಹಾಗೆ ಬರೆದೆ. ಯಾರು ಏನು ಅಂದರೋ ಅದೇ, ಒಂದು ಮಾತು ಹೆಚ್ಚಿಲ್ಲ. ಏಳು ಪುಟ ಆಯಿತು. ವಾರದ ಮೇಲೆ ಜಿಲ್ಲೆಯಿಂದ ಕಾಗದ ಬಂತು, ಎರ್ಲನೌ ತಂಡದ ದಿನಚರಿ ಪ್ರದರ್ಶನಕ್ಕೆ ತಕ್ಕುದಲ್ಲ, ಈ ವರ್ಷ ಬಿರುದೂ ಇಲ್ಲ ಎಂದು. ಫಲಕ ಇಳಿಯಿತು. ನಿನ್ನ ಮೂರು ಪ್ರಶ್ನೆ ಗುರುತಿಗೆ ಇದು ಉತ್ತರ.

ಇನ್ನೊಂದು ಕಾಗದವೂ ಬಂದಿದೆ, ಮೊನ್ನೆ ಶುಕ್ರವಾರ. ಕ್ರೆಚ್ಮಾರ್ ಹೊಸ ನಡತೆಯ ಪತ್ರ ಬರೆದಿದ್ದ, ಒಂದೇ ಸಾಲು: ಇರ್ಮಾ ಅವರಿಗೆ ಸೋವಿಯತ್ ಸಾಹಿತ್ಯದ ಬಗ್ಗೆ ಯಾವ ಸಂಶಯವೂ ಇಲ್ಲ. ಅನುಮತಿ ಸಿಕ್ಕಿತು, ಲೀಸ್ಬೆತ್. ಮಾರ್ಚ್ ಎರಡರಿಂದ ಒಂಬತ್ತರವರೆಗೆ. ಇರ್ಮಾ ಆ ಕಾಗದವನ್ನು ಮಡಚಲೇ ಇಲ್ಲ, ಯಂತ್ರದ ಮೇಲೆ ಬಿಡಿಸಿಟ್ಟುಕೊಂಡು ದಿನವಿಡೀ ಕೆಲಸ ಮಾಡಿದಳು, ಒಂದು ಜೊತೆಯ ಬೆರಳೂ ನೆಟ್ಟಗೆ ಬರಲಿಲ್ಲ. ಕಾಸೆಲ್‌ನಿಂದ ಏನೇನು ತರಬೇಕೆಂದು ಮಾರ್ಲೀಸ್ ಎರಡು ಪುಟದ ಪಟ್ಟಿ ಕೊಟ್ಟಿದ್ದಾಳೆ. ಇರ್ಮಾ ತೆಗೆದುಕೊಂಡು ಹೋಗುತ್ತಿರುವುದು ಧೂಪ ಹಾಕಿದರೆ ಬಾಯಿಂದ ಹೊಗೆಯುಗುಳುವ ನಮ್ಮ ಕಡೆಯ ಒಂದು ಮರದ ಗೊಂಬೆ, ಒಂದು 'ಬಿಸಿನೀರು'. ಆ ಕಡೆಯವರೂ ಈಗ ರಷ್ಯನ್ ಕಾದಂಬರಿಗೆ ಮುಗಿಬಿದ್ದಿದ್ದಾರಂತೆ, ಲೋರೆ ಬರೆದಿದ್ದಾಳೆ. ಓದಿ, ಅಯ್ಯೋ ಪಾಪ ಅಲ್ಲಿನ ಜನ ಎನ್ನುತ್ತಾರಂತೆ. ತಮ್ಮ ಮನೆಯ ನಲ್ಲಿಯ ಬಗ್ಗೆ ಬರೆದದ್ದು ಎಂದು ಅವರಿಗೆ ಅನಿಸುವುದೇ ಇಲ್ಲವಂತೆ. ಅಕ್ಕನಿಗೆ ಸರಿಯಾಗಿ ಓದಿಸಿ ಬರುತ್ತೇನೆ ಎಂದು ಇರ್ಮಾ ಹೊರಟಿದ್ದಾಳೆ.

ಎಗೋನ್ ಬಂದರೆ ಹೊಟ್ಟೆ ತುಂಬ ಮೀನು ಹಾಕು, ಬಿಯರು ಕಡಿಮೆ ಕೊಡು. ಮಗಳಿಗೂ ಅಳಿಯನಿಗೂ ನನ್ನ ನೆನಪು ಹೇಳು. ಸಮುದ್ರದ ಚಿತ್ರ ಸಾಕು, ಮುಂದಿನ ಸಲ ಕಾರ್ಡಿನ ಎರಡು ಮಗ್ಗುಲಲ್ಲೂ ಬರೆ.

ನಿನ್ನ ಕೈಯಡಿಯಲ್ಲಿ ಕೆಲಸ ಕಲಿತ, ಈಗ ಬಿರುದಿಲ್ಲದ,
ಥೆಕ್ಲಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ನೀನು ಎಷ್ಟೋ ವರ್ಷ ತಂಡದ ನಾಯಕಿಯಾಗಿದ್ದವಳು, ಈಗ ಆ ಕುರ್ಚಿಯಲ್ಲಿ ನಾನು ಕೂತಿದ್ದೇನೆ. ನಾಯಕಿಯ ಸಹಿ ಇಲ್ಲದೆ ಅಂಥ ನಡತೆಯ ಪತ್ರ ವಿಭಾಗದಿಂದ ಹೊರಗೆ ಹೋಗುವುದಿಲ್ಲವೆಂದು ನಿನಗೆ ಗೊತ್ತು. ಓದುವಾಗಲೇ ನಿನ್ನ ಹುಬ್ಬು ಏರಿರುತ್ತದೆ. ಹೌದು. ಇರ್ಮಾಳನ್ನು ತಡೆದ ಮೊದಲ ಪತ್ರದಲ್ಲಿ ಕ್ರೆಚ್ಮಾರನ ಕೆಳಗೆ ನನ್ನ ಸಹಿ ಇತ್ತು. ಆ ಸಂಶಯ ಇರ್ಮಾಳದಲ್ಲ ಎಂದರೆ ಮತ್ತೆ ಯಾರದು ಎಂದು ಕೇಳುತ್ತಾರೆ, ಆ ಪ್ರಶ್ನೆಗೆ ಹೆದರಿದೆ. ಅವಳ ಮನೆಗೆ ಆ ಸಂಜೆಯೇ ಹೋದೆ ಎಂದು ಬರೆದದ್ದೂ ಸುಳ್ಳು. ನಾಲ್ಕು ದಿನ ಸುಮ್ಮನಿದ್ದೆ. ಅಷ್ಟರಲ್ಲಿ ಅನುಮತಿ ಕೊಡುವ ಕಚೇರಿಯ ಕಿಟಕಿಯಲ್ಲಿ ಪರಿಚಯದವಳೊಬ್ಬಳು ಆ ನಡತೆಯ ಪತ್ರವನ್ನು ಇರ್ಮಾಳಿಗೆ ಕಾಣುವಂತೆ ತಿರುಗಿಸಿ ಹಿಡಿದಿದ್ದಳು. ನನ್ನ ಸಹಿ ನೋಡಿಕೊಂಡೇ ಇರ್ಮಾ ನನಗೆ ಕಾಫಿ ಕೊಟ್ಟಳು, ನನ್ನ ಕಥೆಯನ್ನು ಕೊನೆಯವರೆಗೆ ಕೇಳಿದಳು, ಆಮೇಲೆ ಹೇಳಿದಳು: "ಹನ್ನೊಂದು ವರ್ಷ ನನ್ನ ಬಾಯಲ್ಲಿ ಮಾತಾಡ್ದೆ ಥೆಕ್ಲಾ. ಇನ್ಮೇಲೆ ನಿನ್ನ ಬಾಯಲ್ಲೇ ಆಡು."

ಬಿರುದು ಹೋದದ್ದು ಷವರಿನಿಂದಲ್ಲ. ಆ ಗುರುವಾರ ಎಲ್ಲರೂ ನಗುತ್ತಾ ನಿಂತಿದ್ದಾಗ ನಾನು ಬಾಯಿ ಬಿಟ್ಟೆ. ಇಪ್ಪತ್ತೆರಡು ಸಂಶಯವೂ ನಾನೇ ಬರೆದದ್ದು, ಇರ್ಮಾ ಒಂದನ್ನೂ ಆಡಿಲ್ಲ ಎಂದೆ. ರಟ್ಟಿನ ಹಿಂದಿನದನ್ನು ನೋಡಿ ಬರೆದೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕ್ರೆಚ್ಮಾರ್, ಇವು ಓದದೆ ಬರೆದವಲ್ಲ ಎಂದ. ನಿನಗೂ ಹೇಳದ ಮಾತು ಇದು, ಲೀಸ್ಬೆತ್: ಮೂರನೆಯ ಪುಸ್ತಕದಿಂದ ನಾನು ಎಲ್ಲವನ್ನೂ ಓದಿದ್ದೇನೆ. ಅಡುಗೆಮನೆಯಲ್ಲಿ, ಮಡಿಲಲ್ಲಿ ಆಲೂಗಡ್ಡೆ ಸಿಪ್ಪೆ ಹರಡಿಕೊಂಡು, ಒಂದೊಂದು ಸಲ ಅಳುತ್ತಾ. ನೀನು ನಗುತ್ತೀಯೆಂದು ಹೇಳಲಿಲ್ಲ. ಹೇಳಿಕೊಳ್ಳಲು ಯಾರೂ ಇಲ್ಲದ್ದನ್ನು ಇರ್ಮಾಳ ಹೆಸರಲ್ಲಿ ಬರೆದೆ, ಕೊನೆಯ ಪ್ಯಾರಾದಲ್ಲಿ ನಾನೇ ಅಳಿಸಿದೆ.

ಕ್ರೆಚ್ಮಾರ್ ನಲ್ಲಿಯನ್ನು ತಿರುಗಿಸಿ ಮುಚ್ಚಿ, ಎಲ್ಲರ ಎದುರೇ, ಆ ಸಂಶಯಗಳಲ್ಲಿ ಈಗ ಎಷ್ಟು ಉಳಿದಿವೆ ಎಂದು ಕೇಳಿದ.

"ಮೊದಲ್ನೇ ಎರಡು ಸುಮ್ನೆ ಹುಟ್ಟಿಸಿದ್ದು, ಕಾಮ್ರೇಡ್," ಅಂದೆ. "ಮಿಕ್ಕ ಇಪ್ಪತ್ತೂ ಹಾಗೇ ಇವೆ."